ಕೊಟ್ಟೂರಿನ ಹಿಮ್ಮೇಳ

ನಮ್ಮಪ್ಪನಿಗೆ ಕೊಟ್ಟೂರಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಔಷಧಿ ಅಂಗಡಿ ಇತ್ತು. ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದವರು ಬರೀ ಔಷಧಿ ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ಜೊತೆಗೆ ಒಬ್ಬ ಸಂಗೀತ ವಿದ್ವಾಂಸರ ಜೀವನಚರಿತ್ರೆಯನ್ನೂ ಕೇಳಿಸಿಕೊಳ್ಳಬೇಕಿತ್ತು. ಗಂಟಲು ಕಟ್ಟಿದ್ದರೆ ಒಂದು ಕಥೆ, ನೆಗಡಿಯಾಗಿದ್ದರೆ ಇನ್ನೊಂದು. ಜ್ವರಕ್ಕೆ ಮಾತ್ರ ಕಥೆ ಇರಲಿಲ್ಲ. ಜ್ವರ ಬಂದವರ ಮೇಲೆ ಅಪ್ಪನಿಗೆ ಕರುಣೆಯಿತ್ತು.

“ತಣ್ಣೀರು ಮುಟ್ಟಬ್ಯಾಡ ನೋಡು,” ಎಂದು ಶುರು ಮಾಡುತ್ತಿದ್ದ. “ಮದ್ರಾಸಿನಾಗ ಒಬ್ಬ ದೊಡ್ಡ ವಿದ್ವಾಂಸರು ಅದಾರ. ಹಾಡಾಕ ಹತ್ತಿದಾಗಿಂದ ಬಿಸಿನೀರು ಬಿಟ್ರ ಬ್ಯಾರೆ ಏನೂ ಕುಡಿದಿಲ್ಲ. ಸ್ವಂತ ಮಗಳ ಮದುವ್ಯಾಗ ಪಾನಕ ಸೈತ ಮುಟ್ಟಲಿಲ್ಲಂತ!”

ಕೂಡ್ಲಿಗಿ ಕಡೆಯ ರೈತನೊಬ್ಬ ಒಮ್ಮೆ ಈ ಕಥೆಯನ್ನು ಪೂರ್ತಿ ಕೇಳಿ, “ಅವರಿಗೇನ್ರಿ, ಬಿಸಲಾಗ ಕಳೆ ತೆಗಿಯೋ ಕೆಲಸ ಐತೇನು?” ಎಂದುಬಿಟ್ಟ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಔಷಧಿಯ ಬಾಟಲಿಯನ್ನು ಕಾಗದದಲ್ಲಿ ಸುತ್ತದೆ ಹಾಗೇ ಕೈಗೆ ಕೊಟ್ಟ. ಅಪ್ಪನ ಮಟ್ಟಿಗೆ ಅದು ದೊಡ್ಡ ಶಿಕ್ಷೆ.

ವಿದ್ವಾಂಸರ ಹೆಸರುಗಳನ್ನು ಅಪ್ಪ ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳಲು ಹೇಗೆ ಹಿಂಜರಿಯುತ್ತಿದ್ದರೋ ಹಾಗೆ. ಒಬ್ಬರು ಬಿಸಿನೀರಿನವರು. ಇನ್ನೊಬ್ಬರು ಮುಂಗೋಪದವರು, ಅವರು ಯಾವುದೋ ಮದುವೆ ಕಛೇರಿಯಲ್ಲಿ ಯಾರೋ ಹಪ್ಪಳ ಮುರಿದ ಸದ್ದಾಯಿತೆಂದು ವೇದಿಕೆಯಿಂದ ಎದ್ದುಹೋದವರು. ಆ ಹಪ್ಪಳ ಮುರಿದವನನ್ನು ಅಪ್ಪ ಕೊನೆಯವರೆಗೂ ಕ್ಷಮಿಸಲಿಲ್ಲ. ಅವನು ಯಾರು, ಯಾವ ಊರಿನವನು ಎಂಬುದು ಅಪ್ಪನಿಗೇ ಗೊತ್ತಿರಲಿಲ್ಲ, ಆದರೂ ಊಟಕ್ಕೆ ಹಪ್ಪಳ ಬಡಿಸಿದಾಗಲೆಲ್ಲ ಅವನಿಗೊಂದು ಬೈಗುಳ ಸಲ್ಲುತ್ತಿತ್ತು. ಅಪ್ಪ ಹೆಸರು ಹೇಳದ ಮೇಲೆ ನಾನು ಹೇಳುವುದೂ ಸರಿಯಲ್ಲ. ನಾನೂ ಹೇಳುವುದಿಲ್ಲ.

ಎಲ್ಲರಿಗಿಂತ ಮೇಲೆ ಇದ್ದವರು ಅಮ್ಮಾರು. ನಮ್ಮ ತಾಯಿಯನ್ನು ನಾವು ಅವ್ವ ಅನ್ನುತ್ತಿದ್ದೆವು, ಹಾಗಾಗಿ ಮನೆಯಲ್ಲಿ ಗೊಂದಲವಿರಲಿಲ್ಲ. ಅಮ್ಮಾರು ಎಂದರೆ ಆ ಗಾಯಕಿ ಒಬ್ಬರೇ. ಅಪ್ಪ ಹರೆಯದಲ್ಲಿ ಬೆಂಗಳೂರಿಗೆ ಔಷಧಿಶಾಸ್ತ್ರ ಓದಲು ಹೋಗಿದ್ದಾಗ, ಬಾಡಿಗೆ ಕೋಣೆಯ ಪಕ್ಕದ ಬೀದಿಯ ರಾಮನವಮಿ ಚಪ್ಪರದಲ್ಲಿ ಅವರ ಹಾಡು ಕೇಳಿದ್ದ. ಓದಲು ಹೋದದ್ದು ಔಷಧಿ, ಹಚ್ಚಿಕೊಂಡು ಬಂದದ್ದು ಸಂಗೀತ. ಅಮ್ಮಾರ ಮೊದಲನೆಯ ಕಛೇರಿಗೆ ಮೃದಂಗದವರು ‘ಹೆಂಗಸರಿಗೆ ನುಡಿಸುವುದಿಲ್ಲ’ ಎಂದು ಬಾರದೆ ಹೋದದ್ದು, ಅವರು ತೊಡೆಯ ಮೇಲೆ ತಾವೇ ತಾಳ ಹಾಕಿಕೊಂಡು ಬರೀ ತಂಬೂರಿಯ ಜೊತೆ ಕಛೇರಿ ಮುಗಿಸಿದ್ದು, ಅದೇ ಮೃದಂಗದವರು ಮುಂದೆ ತಾವಾಗಿಯೇ ಬಂದು ಜೊತೆಗೆ ಕೂತದ್ದು, ಇದೆಲ್ಲ ನನಗೆ ಅ ಆ ಇ ಈ ಜೊತೆಗೇ ಬಾಯಿಪಾಠವಾಗಿತ್ತು. ಬೇರೆ ಮಕ್ಕಳಿಗೆ ಭೀಮ, ಅರ್ಜುನರ ಕಥೆ. ನನಗೆ ಕಛೇರಿಗಳ ಕಥೆ.

ಇಷ್ಟೆಲ್ಲ ಇದ್ದೂ ಅಪ್ಪ ಒಂದು ಸೊಲ್ಲು ಹಾಡಿದವನಲ್ಲ. ಗುನುಗಿದ್ದೂ ಇಲ್ಲ. “ಕಿವಿ ನಮ್ದು, ಕಂಠ ಅವರ್ದು. ಅವರ ಸಾಮಾನಿಗೆ ನಾವು ಕೈ ಹಾಕಬಾರದು,” ಎನ್ನುತ್ತಿದ್ದ. ಅವ್ವ ಹಡಗಲಿಯವಳು, ತವರಿನಲ್ಲಿ ಮಲ್ಲಿಗೆ ಬಿಡಿಸುತ್ತ ಹೆಂಗಸರೆಲ್ಲ ಹಾಡುವುದನ್ನು ಕೇಳಿ ಬೆಳೆದವಳು. ಅವಳಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. “ನಮ್ಮ ತವರಮನಿ ಬಾವ್ಯಾಗಿನ ಕಪ್ಪಿನರ ಮಳಿ ಬಂದ್ರ ಒದರತೈತಿ. ಈ ಮನುಷ್ಯ ಜಳಕ ಮಾಡುವಾಗೂ ಬಾಯಿ ಬಿಡಂಗಿಲ್ಲ,” ಎಂದು ನಗುತ್ತಿದ್ದಳು.

ನಮ್ಮ ಮನೆಯ ಹಿಂದುಗಡೆ ಒಂದು ಮಠವಿತ್ತು. ಅಲ್ಲಿ ಸೋಮವಾರ ಸೋಮವಾರ ಸಂಜೆ ಭಜನೆ. ಅದರ ಮುಂದಾಳು ನಿವೃತ್ತ ಬಸ್ ಕಂಡಕ್ಟರ್. ಊರಿಗೆಲ್ಲ ಕಂಡಕ್ಟರ್ ಮಾಮ. ಸರ್ವೀಸಿನಲ್ಲಿದ್ದಷ್ಟು ಕಾಲ ‘ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ’ ಎಂದು ಒಂದೇ ಉಸಿರಿಗೆ ಕೂಗಿ ಕೂಗಿ ಬಲಿತ ಕಂಠ ಅದು. ಮಾಮ ಒಂದು ಸಾಲು ಹಾಡಿ ಬಿಟ್ಟರೆ ಹಿಂದಿನ ಗಂಡಸರು ಹೆಂಗಸರೆಲ್ಲ ಅದನ್ನು ಎತ್ತಿ ತಿರುಗಿ ಹಾಡಬೇಕು. ಕೆಲವೊಮ್ಮೆ ಮಾಮ ಅರ್ಧ ಸಾಲಿಗೇ ನಿಲ್ಲಿಸುತ್ತಿದ್ದ. ಮಿಕ್ಕ ಅರ್ಧ ಹಿಮ್ಮೇಳದ್ದು. ಅದು ನಮ್ಮ ಕಡೆಯ ಭಜನೆಯ ರೀತಿ. ಮುಂದಿನವರು ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲಿ ಹಿಂದಿನವರು ಸುಮ್ಮನೆ ಕೂತರೆ ಅದು ಮುಂದಾಳಿಗೆ ಮಾಡಿದ ಅವಮಾನ ಎಂದೇ ಲೆಕ್ಕ. ಚಿಕ್ಕ ಮಕ್ಕಳಿಗೂ ಅದು ಗೊತ್ತಿತ್ತು. ಸೋಮವಾರ ಸಂಜೆಯಾದರೆ ಅಪ್ಪ ಹಿತ್ತಿಲ ಕಡೆಯ ಕಿಟಕಿ ಹಾಕಿಸುತ್ತಿದ್ದ. “ಗದ್ದಲ,” ಎನ್ನುತ್ತಿದ್ದ. ಅಪ್ಪ ಅಂಗಡಿಗೆ ಹೋದಮೇಲೆ ಅವ್ವ ಅದೇ ಕಿಟಕಿಯನ್ನು ತೆಗೆಯುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಎಂದು ನೆನಪು, ನಾನಿನ್ನೂ ಕಾಲೇಜಿಗೆ ಹೋಗುವ ಹುಡುಗಿ. ಬಳ್ಳಾರಿಯ ಪಿಟೀಲು ಮೇಷ್ಟ್ರೊಬ್ಬರು ಅಪ್ಪನಿಗೆ ಪರಿಚಯ. ಈ ಕಡೆ ಬಂದಾಗಲೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಂಗೀತದ ಸುದ್ದಿ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಅವರು ಒಂದು ದಿನ ಕೆಟ್ಟ ಸುದ್ದಿ ತಂದರು. ಅಮ್ಮಾರು ವರ್ಷದ ಮೇಲಾಯಿತು, ಯಾವ ಕಛೇರಿಗೂ ಒಪ್ಪುತ್ತಿಲ್ಲ. ದೊಡ್ಡ ಸಂಗೀತ ಸಭೆಯೊಂದರಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆದುಹೋಯಿತಂತೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅವತ್ತು ತಂಬೂರಿಗೆ ಹೊದಿಸಿದ ಬಟ್ಟೆಯನ್ನು ಆಮೇಲೆ ತೆಗೆದಿಲ್ಲವಂತೆ.

ಅವತ್ತು ಅಪ್ಪ ಊಟ ಮಾಡಲಿಲ್ಲ. ಅವ್ವ ತಮಾಷೆ ಮಾಡುವುದಕ್ಕೂ ಹೋಗಲಿಲ್ಲ.

ಆಮೇಲೆ ಕೆಲವು ತಿಂಗಳಿಗೆ ಅದೇ ಮೇಷ್ಟ್ರು ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದರು. ಅಮ್ಮಾರು ಒಂದು ಸಲ ಹಾಡಿ ನೋಡಬೇಕು ಅನ್ನುತ್ತಿದ್ದಾರೆ, ಆದರೆ ದೊಡ್ಡ ಊರು ಬೇಡ, ಪೇಪರಿನವರು ಬೇಡ, ಸಭೆಯ ಜನ ಬೇಡ. ನಿಮ್ಮ ಊರು ಆಗಬಹುದೇ ಎಂದು. ಅಪ್ಪನಿಗೆ ಒಂದು ಕಣ್ಣಲ್ಲಿ ಆನಂದ, ಇನ್ನೊಂದರಲ್ಲಿ ಸಣ್ಣ ಅಸಮಾಧಾನ. “ಹಂಗಂದ್ರ ನಮ್ಮೂರಾಗ ಸಂಗೀತ ತಿಳಿದೋರು ಯಾರೂ ಇಲ್ಲಂತೇನು ಅದರ ಅರ್ಥ?” ಎಂದು ಮನೆಗೆ ಬಂದು ಕೇಳಿದ.

“ನೀವು ಅದೀರಲ್ರಿ,” ಎಂದಳು ಅವ್ವ. “ನಿಮ್ಮೊಬ್ಬರ ಸಲುವಾಗಿ ಬರತಾರ, ತಗೋರಿ.”

ಅಲ್ಲಿಂದ ಹದಿನೈದು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ವ್ಯಾಪಾರಿಗಳ ಕಲ್ಯಾಣಮಂಟಪ ಗೊತ್ತುಮಾಡಿದ್ದಾಯಿತು. ಅಲ್ಲಿಯ ಫ್ಯಾನುಗಳು ಗರಗರ ಸದ್ದು ಮಾಡುತ್ತವೆಂದು ಅಪ್ಪ ನಿಂತು ಎಣ್ಣೆ ಬಿಡಿಸಿದ. ಮೈಕ್ ಸೆಟ್ಟಿನವನು ಪರೀಕ್ಷೆಗೆಂದು ‘ಹಲೋ’ ಅಂದಾಗ ಅದು ಐದಾರು ಸಲ ಪ್ರತಿಧ್ವನಿಸಿತು. ಅದು ತನ್ನ ಮಷೀನಿನ ವಿಶೇಷ ಎಂದು ಅವನು ಹೆಮ್ಮೆಯಿಂದ ಹೇಳಿದ. ಅಪ್ಪ ಅವನಿಗೆ ಮುಂಗೋಪದವರ ಕಥೆ ಹೇಳಿ ಹೆದರಿಸಿ ಆ ಗುಂಡಿಯನ್ನು ಬಂದ್ ಮಾಡಿಸಿದ. ಅಂಗಡಿಗೆ ಬಂದವರಿಗೆಲ್ಲ ಆಮಂತ್ರಣ. ಹೊಟ್ಟೆನೋವಿನವರನ್ನೂ ಬಿಡಲಿಲ್ಲ. ಕುರ್ಚಿಗಳು ಖಾಲಿ ಉಳಿದರೆ ಅಮ್ಮಾರ ಮನಸ್ಸು ಕುಗ್ಗುತ್ತದೆ ಎಂಬುದೇ ಅಪ್ಪನ ಭಯ.

ಒಂದು ಸಂಗತಿ ಮಾತ್ರ ಅಪ್ಪನ ಲಕ್ಷ್ಯಕ್ಕೆ ಬಂದಿರಲಿಲ್ಲ. ಅಮ್ಮಾರು ಒಪ್ಪಿದ ದಿನ ಸೋಮವಾರವಾಗಿತ್ತು.

ಬೆಳಗಿನ ರೈಲಿಗೆ ಅಮ್ಮಾರು ಹೊಸಪೇಟೆಯಲ್ಲಿ ಇಳಿದರು. ಪಿಟೀಲು ಮೇಷ್ಟ್ರು, ಮೃದಂಗ ನುಡಿಸುವವರೊಬ್ಬರು ಬಳ್ಳಾರಿಯಿಂದ ಬಂದು ಅಲ್ಲೇ ಕೂಡಿಕೊಂಡರು. ಬಾಡಿಗೆ ಅಂಬಾಸಿಡರ್ ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತಾಗ, ನಾನು ಕಲ್ಪಿಸಿಕೊಂಡಿದ್ದ ಎತ್ತರದ ಹೆಂಗಸು ಕೆಳಗಿಳಿಯಲಿಲ್ಲ. ಅವ್ವನ ಭುಜದಷ್ಟು ಎತ್ತರದ, ಅರವತ್ತು ದಾಟಿದ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದ ಒಬ್ಬ ಅಜ್ಜಿ ಇಳಿದರು. ಅಪ್ಪ ಕೈಮುಗಿದು ನಿಂತುಬಿಟ್ಟ. ಅಷ್ಟು ವರ್ಷ ಗಿರಾಕಿಗಳ ತಲೆ ತಿಂದವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಕೊನೆಗೆ ಅವ್ವನೇ, “ಬರ್ರಿ ಅಮ್ಮಾರ, ಕಾಲು ತೊಳಕೊಳ್ರಿ. ಇವರು ಸ್ವಲ್ಪ ಹೊತ್ತಿಗೆ ಸರಿ ಹೋಗತಾರ,” ಎಂದು ಒಳಗೆ ಕರೆದಳು.

ಊಟಕ್ಕೆ ಮೆತ್ತನೆಯ ಅನ್ನ, ಖಾರವಿಲ್ಲದ ಸಾರು. ಅಮ್ಮಾರ ಕಣ್ಣು ಮಾತ್ರ ಜೋಳದ ರೊಟ್ಟಿಯ ಬುಟ್ಟಿಯ ಮೇಲೂ ಶೇಂಗಾ ಚಟ್ನಿಪುಡಿಯ ಮೇಲೂ ಇತ್ತು. “ಅದೇನದು, ತುಂಬಾ ಒಳ್ಳೆ ವಾಸನೆ ಬರ್ತಾ ಇದೆಯಲ್ಲ,” ಎಂದರು. ಅವ್ವ ಬಡಿಸಲು ಕೈ ಚಾಚಿದ್ದೇ ತಡ, ಅಪ್ಪನಿಗೆ ಮಾತು ಮರಳಿ ಬಂತು. “ಬ್ಯಾಡ, ಬ್ಯಾಡ! ಶೇಂಗಾ ಗಂಟಲಿಗೆ ಹತ್ತತೈತಿ!” ಅಮ್ಮಾರು ನಕ್ಕು ಕೈ ಹಿಂದೆ ತೆಗೆದುಕೊಂಡರು. “ಹಾಡಿದ ಮೇಲೆ ತಿಂತೀನಿ. ಎತ್ತಿಡಿ,” ಎಂದರು ಅವ್ವನಿಗೆ.

ಶಿಷ್ಯೆಯರನ್ನು ಅವರು ಬೇಕೆಂದೇ ಕರೆತಂದಿರಲಿಲ್ಲ. ಹಾಗಾಗಿ ತಂಬೂರಿಗೆ ನಾನು. ಅಪ್ಪ ನನ್ನನ್ನು ಎರಡು ವರ್ಷ ಪಾಠಕ್ಕೆ ಕಳಿಸಿದ್ದ. ಹಾಡು ಬರಲಿಲ್ಲ, ತಂಬೂರಿ ಮೀಟುವುದು ಬಂತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅಮ್ಮಾರು ನನ್ನನ್ನು ಕರೆದು ತಂಬೂರಿಯ ಬಟ್ಟೆ ಬಿಚ್ಚಿದರು. ತಂತಿಗಳನ್ನು ಕೂಡಿಸುತ್ತ ಮೇಲೆ, ಇನ್ನೂ ಮೇಲೆ ತಂದರು. ಪಿಟೀಲು ಮೇಷ್ಟ್ರು ಬಾಗಿಲಲ್ಲಿ ನಿಂತು, “ಅಮ್ಮಾ, ಒಂದು ಸ್ವಲ್ಪ ಶ್ರುತಿ ಇಳಿಸಿಕೊಂಡ್ರ ಮ್ಯಾಲಿನ ಜಾಗ ಸಲೀಸು ಸಿಗತಾವ,” ಎಂದು ಮೆಲ್ಲಗೆ ಹೇಳಿದರು. ಅಮ್ಮಾರು ಅವರ ಕಡೆ ತಿರುಗಲೂ ಇಲ್ಲ. “ಹುಡುಗಿಯಾಗಿದ್ದಾಗಿನಿಂದ ಇದೇ ಶ್ರುತಿ. ಇದೇ ಇರಲಿ.”

ಮೇಷ್ಟ್ರು ಹೋದ ಮೇಲೆ ಅವರು ನನಗೆ ಹೇಳಿದ ಮಾತು ಇದು. “ನೋಡು ಮಗು, ನೀನು ನನ್ನ ಹಿಂದೆ ಕೂತಿರ್ತೀಯ. ನಿನಗೆ ಗೊತ್ತಿರಲಿ ಅಂತ ಹೇಳ್ತೀನಿ. ಶಿವನ ಮೇಲೊಂದು ಪದ ಇದೆ, ಅದನ್ನ ನಾನು ಹಾಡದ ಊರಿಲ್ಲ. ಅದರ ಎರಡನೇ ಭಾಗದಲ್ಲಿ ದನಿ ಮೇಲಕ್ಕೆ ಹೋಗಿ ನಿಲ್ಲಬೇಕು. ಅಲ್ಲೇ ನನಗೆ ಅವತ್ತು ಒಡೆದದ್ದು. ಇವತ್ತು ನಿಂತರೆ ಮುಂದೆ ಹಾಡ್ತೀನಿ. ನಿಲ್ಲದಿದ್ದರೆ ಇದೇ ಕೊನೇ ಕಛೇರಿ. ನಿಮ್ಮ ತಂದೆಗೆ ಈಗ ಹೇಳಬೇಡ, ಪಾಪ.”

ನಾನು ತಂಬೂರಿ ಗಟ್ಟಿಯಾಗಿ ಹಿಡಿದುಕೊಂಡೆ. ಇಡೀ ಮಧ್ಯಾಹ್ನ ನಾನು ಕೊಟ್ಟೂರಿನ ದೇವರನ್ನೆಲ್ಲ ಬೇಡಿಕೊಂಡದ್ದು ಒಂದೇ ಸ್ವರಕ್ಕಾಗಿ.

ಸಂಜೆ ಮಂಟಪದ ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಮೊದಲು ಅರಳಿತು, ಆಮೇಲೆ ಬಾಡಿತು. ಅರಳಿದ್ದು ಜನ ಸಾಲುಗಟ್ಟಿ ಬರುತ್ತಿದ್ದಾರೆಂದು. ಬಾಡಿದ್ದು ಅವರು ಯಾರೆಂದು ಗೊತ್ತಾಗಿ. ಕಂಡಕ್ಟರ್ ಮಾಮ ಅಪ್ಪನ ಮಾನ ಉಳಿಸಬೇಕೆಂದು ಅವತ್ತಿನ ಭಜನೆಯನ್ನೇ ಬಿಟ್ಟು ಇಡೀ ತಂಡವನ್ನು ಕರೆತಂದಿದ್ದ. ಗಂಡಸರು, ಹೆಂಗಸರು, ಕಂಕುಳಲ್ಲಿ ಮಕ್ಕಳು. ಹೆಗಲ ಚೀಲದಲ್ಲಿ ತಾಳಗಳು.

“ತಾಳ ಯಾಕೋ ಮಾರಾಯ?”

“ಸೋಮವಾರ ತಾಳ ಬಿಟ್ಟು ಹೊರಗ ಬಂದು ರೂಢಿ ಇಲ್ಲಪ. ಇರಲಿ ಅಂತ ತಂದ್ವಿ.”

ಅಪ್ಪ ಎಲ್ಲ ತಾಳಗಳನ್ನೂ ಚಪ್ಪಲಿಗಳ ಪಕ್ಕ ಒಂದು ಬುಟ್ಟಿಯಲ್ಲಿ ಇಡಿಸಿದ. ಒಬ್ಬೊಬ್ಬರಿಗೂ, “ಮಾತಾಡಬ್ಯಾಡ್ರಿ, ಕೆಮ್ಮಬ್ಯಾಡ್ರಿ, ನಡುವ ಏಳಬ್ಯಾಡ್ರಿ,” ಎಂದು ತಾಕೀತು ಮಾಡಿದ. ‘ಹಾಡಬ್ಯಾಡ್ರಿ’ ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಾಗುತ್ತದೆಂದು ಯಾರಿಗಾದರೂ ಹೊಳೆಯುವುದು ಹೇಗೆ?

ಅವ್ವ ತವರಿನಿಂದ ತರಿಸಿದ್ದ ಹಡಗಲಿ ಮಲ್ಲಿಗೆಯನ್ನು ಅಮ್ಮಾರಿಗೆ ಮುಡಿಸಿದಳು. ಕಛೇರಿ ಶುರುವಾಯಿತು. ನಾನು ಹಿಂದೆ ಕೂತಿದ್ದರಿಂದ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೆನ್ನು, ಹೂವು, ತಾಳ ಹಾಕುವ ಬಲಗೈ. ಮೊದಲ ಹಾಡುಗಳು ಸುಲಭವಾಗಿ ಬಂದವು. ಕೆಳಗಿನ ಸ್ವರಗಳಲ್ಲಿ ಅವರ ದನಿ ಕಾಸಿದ ಬೆಲ್ಲದ ಹಾಗಿತ್ತು, ಗಟ್ಟಿ ಮತ್ತು ಸಿಹಿ. ಜನ ಕದಲದೆ ಕೂತಿದ್ದರು. ಮುಂದಿನ ಸಾಲಿನ ತುದಿಯಲ್ಲಿ ಅಪ್ಪ, ಕಣ್ಣು ಮುಚ್ಚಿಕೊಂಡು, ಹರೆಯದ ಆ ಚಪ್ಪರದೊಳಗೆ ಹೋಗಿ ಕೂತಿದ್ದ.

ಆಮೇಲೆ ಆ ಶಿವನ ಪದ ಬಂತು. ಅದು ಕನ್ನಡದ್ದು. ಬಾಗಿಲು ತೆರೆದಿಟ್ಟಿದ್ದೇನೆ, ದೀಪ ಹಚ್ಚಿಟ್ಟಿದ್ದೇನೆ, ಇನ್ನಾದರೂ ಮನೆಗೆ ಬಾ ಎಂದು ಶಿವನನ್ನು ಕರೆಯುವ ಪದ. ಮೊದಲ ಸಾಲನ್ನು ಅವರು ಬೇರೆ ಬೇರೆ ರೀತಿಯಲ್ಲಿ ತಿರುಗಿ ತಿರುಗಿ ಹಾಡಿದರು, ಆ ಸಂಗೀತದ ಪದ್ಧತಿಯೇ ಅದು. ಹೆಂಗಸರ ಸಾಲಿನಲ್ಲಿ ತುಟಿಗಳು ಅಲ್ಲಾಡುವುದು ನನಗೆ ವೇದಿಕೆಯಿಂದ ಕಾಣಿಸಿತು. ಪದ ಅವರಿಗೆ ಬಾಯಿಗೆ ಬಂದಾಗಿತ್ತು. ಎರಡನೇ ಭಾಗ ಬಂತು. ಅಮ್ಮಾರ ಬೆನ್ನು ಬಿಗಿಯಾಯಿತು. ದನಿ ಒಂದೊಂದೇ ಮೆಟ್ಟಿಲು ಹತ್ತುತ್ತ ಮೇಲೆ ಹೋಯಿತು. ಹತ್ತಿತು. ಒಂದು ಸಲ ನಿಂತಿತು ಕೂಡ. ನನ್ನ ಕಣ್ಣಲ್ಲಿ ನೀರು ಬಂತು. ಆ ಸಾಲನ್ನು ತಿರುಗಿ ಎತ್ತಿಕೊಂಡು, ಇನ್ನೂ ಉದ್ದ ನಿಲ್ಲಿಸಲು ಹೋದರು.

ಅರ್ಧ ಸಾಲಿಗೆ ದನಿ ಕಡಿಯಿತು. ಒಡೆದ ಸದ್ದು ಕೂಡ ಬರಲಿಲ್ಲ, ದನಿಯೇ ಇಲ್ಲ. ತಾಳದ ಕೈ ಗಾಳಿಯಲ್ಲಿ ನಿಂತಿತು. ಪಿಟೀಲು ಮೇಷ್ಟ್ರು ಬಿಲ್ಲು ಎತ್ತಿ ಹಿಡಿದು ಅವರ ಮುಖ ನೋಡಿದರು. ನನ್ನ ತಂಬೂರಿಯೊಂದೇ ಮೊರೆಯುತ್ತಿತ್ತು. ಅಮ್ಮಾರ ಎಡಗೈ ಹಿಂದಕ್ಕೆ ಬಂದು ತಂಬೂರಿಯ ಬುಡವನ್ನು ಹುಡುಕಿ ಹಿಡಿದುಕೊಂಡಿತು. ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಹಗರಿಬೊಮ್ಮನಹಳ್ಳಿ ಹಡಗಲಿ ಹರಪನಹಳ್ಳಿ ಕೂಗಿದ ಅದೇ ಕಂಠ, ಮಿಕ್ಕ ಅರ್ಧ ಸಾಲನ್ನು ಎತ್ತಿಕೊಂಡಿತು.

ಅದರ ಬೆನ್ನಿಗೇ ಇಡೀ ಮಂಟಪ. ಗಂಡಸರು ಕೆಳಗಿನ ದನಿಯಲ್ಲಿ, ಹೆಂಗಸರು ಮೇಲಿನ ದನಿಯಲ್ಲಿ, ಬಾಗಿಲು ತೆರೆದಿದೆ ಬಾ ಎಂದು ಆ ಸಾಲನ್ನು ಹಾಡಿ ಮುಗಿಸಿ, ತಾಳ ತಪ್ಪದೆ ಕೈತಟ್ಟಿ ನಿಲ್ಲಿಸಿದರು. ನಿಲ್ಲಿಸಿ, ಮುಂದಿನ ಸಾಲು ಹೇಳಿರಿ ಎಂಬಂತೆ ಅಮ್ಮಾರನ್ನೇ ನೋಡುತ್ತ ಕೂತರು. ಅವರ ಲೆಕ್ಕದಲ್ಲಿ ಏನೂ ಆಗಿರಲಿಲ್ಲ. ಮುಂದಾಳು ಉಸಿರಿಗೆ ನಿಂತರು, ಹಿಮ್ಮೇಳದವರು ತಮ್ಮ ಕೆಲಸ ಮಾಡಿದರು.

ಅಪ್ಪ ಎದ್ದು ನಿಂತಿದ್ದ. ಮುಖ ಕೆಂಪಗಾಗಿತ್ತು. “ಏಯ್, ಸುಮ್ಕಿರ್ರೋ! ಇದೇನು ಭಜನಿ ಅಂದ್ಕೊಂಡೀರೇನ್ರೋ!” ಎಂದು ಕೂಗಿದ. ‘ನಡುವ ಏಳಬ್ಯಾಡ್ರಿ’ ಎಂದು ಊರಿಗೆಲ್ಲ ಹೇಳಿದವನೇ ಅವನು. ಇಡೀ ಕಛೇರಿಯಲ್ಲಿ ನಡುವೆ ಎದ್ದು ಕೂಗಿದ್ದೂ ಅವನೊಬ್ಬನೇ.

ಅಮ್ಮಾರು ಅಪ್ಪನ ಕಡೆಗೆ ಕೈಯೆತ್ತಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದರು. ಅವರ ಬೆನ್ನು ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಬಗ್ಗಿ ನೋಡಿದರೆ, ನಗುತ್ತಿದ್ದರು. ನಗುತ್ತಲೇ ತಾಳ ಹಾಕಿ ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ಅರ್ಧದವರೆಗೆ ಹಾಡಿ, ಈ ಸಲ ತಾವಾಗಿಯೇ ಬಿಟ್ಟರು. ಜನ ಎತ್ತಿಕೊಂಡರು. ಮತ್ತೆ ಹಾಡಿದರು, ಬಿಟ್ಟರು. ಜನ ಮೇಲಿನ ಸ್ವರದಲ್ಲಿ ನಿಂತಿದ್ದಾಗ ಇವರು ಅದರ ಕೆಳಗೆ, ತಮ್ಮ ಬೆಲ್ಲದ ದನಿಯಲ್ಲಿ, ಬಳ್ಳಿ ಸುತ್ತಿದ ಹಾಗೆ ಸ್ವರಗಳನ್ನು ಸುತ್ತುತ್ತ ಹೋದರು. ಅಂಥ ಸಂಗೀತ ನಾನು ಮತ್ತೆ ಕೇಳಿಲ್ಲ. ಪಿಟೀಲು ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಮೃದಂಗದವರು ತಲೆಯಾಡಿಸುತ್ತ ಹುರುಪಿನಿಂದ ನುಡಿಸುತ್ತಿದ್ದರು. ಅಪ್ಪನೊಬ್ಬ ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದ.

ಮುಗಿದ ಮೇಲೆ ಅಪ್ಪ ಹತ್ತಿರ ಬಂದವನು ಅಮ್ಮಾರ ಕಾಲಿಗೆ ಬೀಳುವಂತಿದ್ದ. “ತಪ್ಪಾತ್ರಿ ಅಮ್ಮಾರ. ನಮ್ಮ ಮಂದಿಗೆ ಕಛೇರಿ ಅಂದ್ರೇನಂತ ಗೊತ್ತಿಲ್ರಿ. ನಿಮ್ಮ ದನಿ ಮ್ಯಾಲೆ ದನಿ ಹಾಕಿದ್ರು.”

“ಮೊದಲು ಎತ್ತಿದರಲ್ಲ, ಅವರನ್ನ ಕರೀರಿ,” ಎಂದರು ಅಮ್ಮಾರು.

ಕಂಡಕ್ಟರ್ ಮಾಮ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಬೈಸಿಕೊಳ್ಳಲು ತಯಾರಾಗಿದ್ದಂತಿತ್ತು. ಯಾಕೆ ಹಾಡಿದಿರಿ ಎಂದು ಅಮ್ಮಾರು ಕೇಳಿದರು.

“ನೀವು ಉಸಿರಿಗೆ ನಿಂತ್ರಲ್ರಿ ಅಮ್ಮಾರ,” ಎಂದ ಮಾಮ, ಇದರಲ್ಲಿ ಕೇಳುವುದೇನಿದೆ ಎಂಬ ಹಾಗೆ. “ಹಾಡೋರನ್ನ ನಡುದಾರ್ಯಾಗ ಒಂಟಿ ಬಿಡತಾರೇನ್ರಿ? ನಾವು ಇಷ್ಟು ಮಂದಿ ಕೂತು?”

ಅಮ್ಮಾರು ಸನ್ಮಾನಕ್ಕೆಂದು ತಮಗೆ ಹಾಕಿದ್ದ ಶಾಲನ್ನು ತೆಗೆದು ಮಾಮನ ಹೆಗಲಿಗೆ ಹೊದಿಸಿದರು. ಮಾಮ ನಾಚಿಕೊಂಡು, ಟವೆಲ್ಲು ಎಲ್ಲಿ ಇಡಬೇಕೆಂದು ತಿಳಿಯದೆ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಹಿಡಿದುಕೊಂಡೇ ನಿಂತಿದ್ದ.

ಮನೆಗೆ ಬಂದು ಅಮ್ಮಾರು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ ಮಣೆ ಎಳೆದುಕೊಂಡು ಕೂತರು. “ಎತ್ತಿಟ್ಟಿದ್ದೀರಾ?” ಎಂದು ಕೇಳಿದರು. ಎರಡು ರೊಟ್ಟಿ ತಿಂದರು, ಶೇಂಗಾ ಚಟ್ನಿಗೆ ಎಣ್ಣೆ ಕಲಸಿಕೊಂಡು, ಮೇಲೆ ಗಟ್ಟಿ ಮೊಸರು. ಅಪ್ಪ ಬಾಗಿಲಲ್ಲಿ ನಿಂತು ಒಂದೊಂದು ತುತ್ತಿಗೂ ಸಂಕಟಪಡುತ್ತಿದ್ದ. ನಾನು ಮಾತ್ರ ಮಧ್ಯಾಹ್ನದ ಮಾತಿಗೇ ಅಂಟಿಕೊಂಡಿದ್ದೆ. ದನಿ ನಿಂತಿರಲಿಲ್ಲವಲ್ಲ, ಇದೇ ಕೊನೆಯೇ? ಕೇಳುವ ಧೈರ್ಯ ಬರಲಿಲ್ಲ. ಗಂಟಲಿಗೆ ಕೆಟ್ಟದ್ದೆಂದು ಮಧ್ಯಾಹ್ನ ಮುಟ್ಟದೆ ಬಿಟ್ಟದ್ದನ್ನು ಇಷ್ಟು ಆಸೆಯಿಂದ ತಿನ್ನುತ್ತಿರುವುದು, ಇನ್ನು ಹಾಡುವುದಿಲ್ಲವೆಂದು ನಿರ್ಧರಿಸಿದ್ದಕ್ಕೇ ಇರಬಹುದು ಎನಿಸಿ ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕಾರಿಗೆ ಹತ್ತುವ ಮೊದಲು ಅವರು ತಂಬೂರಿಯನ್ನು ಮತ್ತೊಮ್ಮೆ ತರಿಸಿಕೊಂಡರು. ನಮ್ಮ ಪಡಸಾಲೆಯಲ್ಲಿ ಕೂತು, ನಿನ್ನೆ ಬಿಗಿದಿದ್ದ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದರು. ಕೆಳಗೆ, ಇನ್ನೂ ಸ್ವಲ್ಪ ಕೆಳಗೆ. ಪಿಟೀಲು ಮೇಷ್ಟ್ರು ನೋಡುತ್ತಿದ್ದರು. ಶ್ರುತಿ ಕೂಡಿದ ಮೇಲೆ ಅಮ್ಮಾರು ಕಣ್ಣುಮುಚ್ಚಿ ಒಂದು ಸ್ವರ ಹಿಡಿದರು. ಅದು ಅಲುಗಾಡದೆ ನಿಂತಿತು.

“ಇಳಿಸಿಕೊಂಡರೆ ಜನ ಬಿಟ್ಟು ಹೋಗ್ತಾರೆ ಅಂದ್ಕೊಂಡಿದ್ದೆ,” ಎಂದರು. ನನಗೆ ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ ಗೊತ್ತಿಲ್ಲ. ಆಮೇಲೆ ಅಪ್ಪನನ್ನು ನೋಡಿ, “ಎಲ್ಲರೂ ಹಾಡಿದರು ನಿನ್ನೆ. ನೀವೊಬ್ಬರು ಹಾಡಲಿಲ್ಲ,” ಎಂದು ನಕ್ಕರು. ಅಪ್ಪ ಕೈಮುಗಿದ. ಅವ್ವ ಹಿಂದಿನಿಂದ, “ಕಪ್ಪಿ ಕಥಿ ಹೇಳ್ಲೇನು?” ಎಂದು ನನ್ನ ಕಿವಿಯಲ್ಲಿ ಅಂದಳು. ಕಾರು ಹೋದಮೇಲೆ ಅಪ್ಪನಿಗೆ ಆ ಮಧ್ಯಾಹ್ನದ ಮಾತನ್ನೆಲ್ಲ ನಾನು ಹೇಳಿದೆ. ಅವನು ಅಂಗಡಿಗೆ ತಡವಾಗಿ ಹೋದ. ಮುಂದಿನ ಸೋಮವಾರದಿಂದ ಹಿತ್ತಿಲ ಕಿಟಕಿ ಹಾಕಿಸಲಿಲ್ಲ. ಹಾಗಂತ ಭಜನೆಗೆ ಹೋದನೆಂದಲ್ಲ. ಕಿಟಕಿಯ ಹತ್ತಿರ ಪೇಪರು ಹಿಡಿದುಕೊಂಡು ಕೂರುತ್ತಿದ್ದ, ಅಷ್ಟೇ.

ಅಮ್ಮಾರು ಮತ್ತೆ ಹಾಡತೊಡಗಿದ ಸುದ್ದಿ ಮೇಷ್ಟ್ರ ಮೂಲಕ ಬರುತ್ತಲೇ ಇತ್ತು. ಇಳಿಸಿದ ಶ್ರುತಿಯಲ್ಲಿ, ಮೊದಲಿಗಿಂತ ನಿಧಾನವಾಗಿ. ಕೆಲವರು ಮುಖ ಸಿಂಡರಿಸಿದರಂತೆ. ಹೊಸ ಹುಡುಗರು ನೆಲದ ಮೇಲೆ ಕೂತು ಕೇಳಿದರಂತೆ. ಕೊಟ್ಟೂರಿಗೆ ಅವರಿಗೆ ಮತ್ತೆ ಬರಲಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನು ಹರಪನಹಳ್ಳಿಗೆ ಮದುವೆಯಾಗಿ ಹೋಗಿದ್ದೆ. ತವರಿಗೆ ಬಂದಾಗ ಒಂದು ಸಂಜೆ ಅಂಗಡಿಯಲ್ಲಿ ಅಪ್ಪನ ಜೊತೆ ಕೂತಿದ್ದೆ. ರೇಡಿಯೋದಲ್ಲಿ ಅಮ್ಮಾರ ಕಛೇರಿಯ ಪ್ರಸಾರವಿತ್ತು, ಅದಕ್ಕೆಂದೇ ಅಪ್ಪ ಹೊಸ ಸೆಲ್ ಹಾಕಿಟ್ಟಿದ್ದ. ಅವರ ದನಿಗೆ ಇನ್ನಷ್ಟು ವಯಸ್ಸಾಗಿತ್ತು. ಆದರೂ ಬೆಲ್ಲ ಬೆಲ್ಲವೇ. ಆ ಶಿವನ ಪದ ಬಂತು. ಒಬ್ಬ ಹೆಂಗಸು ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಳು. ಅಪ್ಪ ತಡೆ ಎಂದು ಕೈ ತೋರಿಸಿದ. ಎರಡನೇ ಭಾಗ ಶುರುವಾಯಿತು. ದನಿ ಮೆಲ್ಲಗೆ ಮೆಟ್ಟಿಲು ಹತ್ತಿ, ಮೇಲಿನ ಸ್ವರದಲ್ಲಿ ಸಲೀಸಾಗಿ ನಿಂತಿತು. ಎರಡನೇ ಸಲವೂ ನಿಂತಿತು. ಮೂರನೇ ಸಲ ಅರ್ಧ ಸಾಲು ಹಾಡಿ, ಅಮ್ಮಾರು ಸುಮ್ಮನಾದರು.

ದನಿ ಕಡಿದದ್ದಲ್ಲ ಅದು. ಬಿಟ್ಟದ್ದು. ತಂಬೂರಿಯೊಂದೇ ಕೇಳುತ್ತಿತ್ತು, ಅದರ ಹಿಂದೆ ತೊಡೆಯ ಮೇಲೆ ಬೀಳುವ ತಾಳದ ಸಣ್ಣ ಸದ್ದು. ಕೇಳುತ್ತಿದ್ದ ಬೇರೆಯವರಿಗೆಲ್ಲ ಅಜ್ಜಿ ಮರೆತರು ಎನಿಸಿರಬೇಕು. ಆ ಜಾಗ ಯಾರದ್ದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೀದಿಯ ಕಡೆ ನೋಡಿದ, ಮಠದ ದಿಕ್ಕಿನ ಕಡೆ ನೋಡಿದ, ಯಾರಾದರೂ ಎತ್ತಿಕೊಂಡಾರೇ ಎಂಬಂತೆ. ಯಾರೂ ಇರಲಿಲ್ಲ.

ಅಪ್ಪ ಗಂಟಲು ಸರಿಮಾಡಿಕೊಂಡು ಆ ಅರ್ಧ ಸಾಲನ್ನು ಹಾಡಿದ.

ಶ್ರುತಿಯಿರಲಿಲ್ಲ. ದನಿ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. ತಾಳ ಮಾತ್ರ ತಪ್ಪಲಿಲ್ಲ. ಮುಗಿಸಿದ ಗಳಿಗೆಗೆ ಸರಿಯಾಗಿ ರೇಡಿಯೋದಲ್ಲಿ ಅಮ್ಮಾರು ಮುಂದಿನ ಸಾಲನ್ನು ಎತ್ತಿಕೊಂಡರು, ಕೇಳಿಸಿಕೊಂಡವರ ಹಾಗೆ. ನನಗೆ ತಡೆಯಲಾರದಷ್ಟು ಅಳು ಬಂತು. ಅಪ್ಪ ನನ್ನ ಕಡೆ ನೋಡದೆ, ಕೆಮ್ಮಿನ ಬಾಟಲಿಯನ್ನು ತೆಗೆದು, ಕಾಗದದಲ್ಲಿ ಚೆನ್ನಾಗಿ ಸುತ್ತಿ ಆ ಹೆಂಗಸಿಗೆ ಕೊಟ್ಟ. ಅವತ್ತು ಕಥೆ ಹೇಳಲಿಲ್ಲ.